ಬೆಂಗಳೂರು ಎಫ್‌ಸಿ ಕೋಚ್‌ಗಳಿಗೆ ಸುಂಟಿಕೊಪ್ಪದಿಂದ ಮೂರೂವರೆ ಸ್ಟಾರ್

ಹೋಂಸ್ಟೇ ನಡೆಸುವವರ ಹಣೆಬರಹ ಬರೆಯುವುದೇ ಸ್ಟಾರ್‌ಗಳು. ಬಂದವರು ಉಂಡು, ಮಲಗಿ, ತೋಟ ಸುತ್ತಿ, ಊರಿಗೆ ಹೋಗಿ ಮೊಬೈಲ್ ಹಿಡಿಯುತ್ತಾರೆ. ಬಿಸಿನೀರು ತಡವಾಯಿತು ಅಂತ ಒಂದು ಸ್ಟಾರ್ ಕಡಿತ. ರಾತ್ರಿಯಿಡೀ ಜೀರುಂಡೆ ಕೂಗಿತು ಅಂತ ಇನ್ನೊಂದು. ಜೀರುಂಡೆಗೆ ನಾನು ಏನು ಹೇಳಲಿ? ಹಾಗಾಗಿ ನನಗೂ ಒಮ್ಮೆ ಯಾರಿಗಾದರೂ ಸ್ಟಾರ್ ಕೊಡಬೇಕು ಅನಿಸಿತು. ನಾನು ವರ್ಷ ವರ್ಷವೂ ತಪ್ಪದೆ ದುಡ್ಡು ಸುರಿಯುವುದು ಯಾವುದಕ್ಕೆ? ಗೊಬ್ಬರ, ಡೀಸೆಲ್ ಬಿಟ್ಟರೆ ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್‌ಗೆ. ಪಂದ್ಯ ನೋಡಲು ಆ್ಯಪ್‌ನ ಚಂದಾ, ನೀಲಿ ಜೆರ್ಸಿ, ಮಗ ಬೆಂಗಳೂರಿನಲ್ಲಿ ಇರುವುದರಿಂದ ಆಗಾಗ ಕಂಠೀರವದ ಟಿಕೆಟ್. ಗಿರಾಕಿ ಅಂದ ಮೇಲೆ ಮಾತಾಡುವ ಹಕ್ಕು ಇದೆ ಅಲ್ವಾ?

ಆಟಗಾರರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಬರೆಯುವುದು ಕೋಚ್‌ಗಳ ಬಗ್ಗೆ, ಅಂದರೆ ಕ್ಲಬ್ ಯಾರನ್ನು ಕರೆತಂದಿತು, ಅವರು ಬಂದು ಏನು ಮಾಡಿದರು, ಇದನ್ನೆಲ್ಲ ನೋಡಿದರೆ ಮುಂದೆ ಕಪ್ ಬರುವ ಲಕ್ಷಣ ಇದೆಯಾ ಅಂತ. 2013ರಲ್ಲಿ ಕ್ಲಬ್ ಶುರುವಾದಾಗಿನಿಂದ 2025ರ ಏಪ್ರಿಲ್‌ನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ವರೆಗಿನ ಲೆಕ್ಕ ಇದು. ಅದಾದ ಮೇಲೆ ಲೀಗ್ ನಡೆಸುವ ಒಪ್ಪಂದದ ಜಗಳ ಶುರುವಾಯಿತು. ಸೀಸನ್ ಮುಂದಕ್ಕೆ ಹೋಯಿತು. ಆಗಸ್ಟ್‌ನಲ್ಲಿ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿದರು. ಅದನ್ನು ಕೋಚ್ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಅದಕ್ಕೇ ಅಲ್ಲಿಗೆ ಗೆರೆ ಎಳೆದಿದ್ದೇನೆ.

ಕೊಡಗು ಅಂದರೆ ಹಾಕಿ ಅಂತ ಹೊರಗಿನವರು ಅಂದುಕೊಂಡಿದ್ದಾರೆ. ನಮ್ಮ ಮನೆಯವರೂ ಹಾಗೇ. ಏಪ್ರಿಲ್ ಬಂತೆಂದರೆ ಕೌಟುಂಬಿಕ ಹಾಕಿ ಹಬ್ಬದ ಮೈದಾನದಲ್ಲೇ ಅವರ ಬಿಡಾರ. ಆದರೆ ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆ ಬಂದು ನೋಡಿ. ಇಲ್ಲಿನ ಹುಡುಗರ ಕಾಲಿಗೆ ಚೆಂಡು ಅಂಟಿಕೊಂಡೇ ಇರುತ್ತದೆ. ನಮ್ಮೂರಿನ ಗೋಲ್ಡ್ ಕಪ್‌ಗೆ ಕೇರಳದಿಂದಲೂ ತಂಡಗಳು ಬರುತ್ತವೆ. ಗಡಿ ಹತ್ತಿರ ಇರುವುದರಿಂದ ಈ ಕಡೆ ಹಳದಿ ಜೆರ್ಸಿಯ ಕೇರಳ ಬ್ಲಾಸ್ಟರ್ಸ್ ತಂಡದ ಅಭಿಮಾನಿಗಳು ನಮಗಿಂತ ಜಾಸ್ತಿ. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಕಣ್ಣೂರಿನವರು. ಬ್ಲಾಸ್ಟರ್ಸ್ ಪಂದ್ಯ ಇದ್ದ ದಿನ ಕಾಫಿ ಕೊಯ್ಲಿನ ಲೆಕ್ಕ ಬೇಗ ಮುಗಿಸಿ ನಮ್ಮ ಊಟದ ಹಾಲ್‌ನ ಟಿವಿ ಮುಂದೆ ಕೂತುಬಿಡುತ್ತಾರೆ. ಅವರು ಒಂದು ತುದಿ, ನಾನು ಇನ್ನೊಂದು ತುದಿ. ನಮ್ಮ ಮನೆಯವರು ನಡುವೆ ಕೂತು ಇಬ್ಬರನ್ನೂ ಬೈಯುತ್ತಾರೆ.

ಸರಿ, ವಿಷಯಕ್ಕೆ ಬರೋಣ.

ಮೊದಲ ಕೋಚ್ ಆ್ಯಶ್ಲಿ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಇಂಗ್ಲಿಷ್ ಡಿಫೆಂಡರ್. ಫಿಟ್‌ನೆಸ್ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೊಸ ತಂಡವನ್ನು ಕಟ್ಟಿ ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದರು. 2016ರಲ್ಲಿ ಮತ್ತೆ ಗೆದ್ದರು. ನಡುವಿನ 2015ರಲ್ಲೂ ಗೆಲ್ಲಬೇಕಿತ್ತು. ಕೊನೆಯ ದಿನ, ಕಂಠೀರವ, ಎದುರಿಗೆ ಮೋಹನ್ ಬಗಾನ್. ಗೆದ್ದರೆ ಕಪ್ ನಮ್ಮದು, ಡ್ರಾ ಆದರೆ ಅವರದು. ಜಾನ್ ಜಾನ್ಸನ್ ಗೋಲಿನಿಂದ ನಾವೇ ಮುಂದಿದ್ದೆವು. 87ನೇ ನಿಮಿಷದಲ್ಲಿ ಅವರಿಗೆ ಒಂದು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ. ಅವರ ಬೆಲ್ಲೊ ರಜಾಕ್ ಚೆಂಡಿಗೆ ತಲೆ ಕೊಟ್ಟ. 1-1. ಈ ಕಾರ್ನರ್ ಅನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ವೆಸ್ಟ್‌ವುಡ್ ಹೋದ ಮೇಲೆ 2016ರ ಜುಲೈನಲ್ಲಿ ಬಂದವರು ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. ಇಂಗ್ಲಿಷ್ ಶೈಲಿಯಿಂದ ಏಕ್‌ದಂ ಸ್ಪ್ಯಾನಿಷ್ ಶೈಲಿಗೆ ಜಿಗಿತ. ಇಂಥ ಜಿಗಿತದಲ್ಲಿ ಸಾಮಾನ್ಯವಾಗಿ ಕಾಲು ಮುರಿಯುತ್ತದೆ. ಆದರೆ ರೋಕಾ ಬಂದ ನಾಲ್ಕೇ ತಿಂಗಳಲ್ಲಿ ತಂಡ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೋರ್ ತಂಡವನ್ನು. ಅಲ್ಲಿ 1-1, ಇಲ್ಲಿ ಕಂಠೀರವದಲ್ಲಿ 3-1. ದೋಹಾದ ಫೈನಲ್‌ನಲ್ಲಿ ಇರಾಕ್‌ನ ತಂಡದ ಎದುರು 0-1 ಸೋಲು. ನನ್ನ ಮಟ್ಟಿಗೆ ಈ ಕ್ಲಬ್‌ನ ಅತಿ ದೊಡ್ಡ ವರ್ಷ ಅದೇ, ಕಪ್ ಬರದಿದ್ದರೂ.

ರೋಕಾ ಹೊರಟಾಗ ಕ್ಲಬ್ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಹೊರಗೆ ಹುಡುಕಲಿಲ್ಲ. ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಕೂರಿಸಿದರು. ಆಟಗಾರರು ಗೊತ್ತು, ಅಭ್ಯಾಸದ ರೀತಿ ಗೊತ್ತು, ಯಾರ ಮಂಡಿ ನೋಯುತ್ತದೆ ಅನ್ನುವುದೂ ಗೊತ್ತು. ಫಲ 2018-19ರಲ್ಲೇ ಸಿಕ್ಕಿತು. ಲೀಗ್‌ನಲ್ಲಿ ಮೊದಲ ಸ್ಥಾನ, ಆಮೇಲೆ ಮುಂಬೈನ ಫೈನಲ್‌ನಲ್ಲಿ ಗೋವಾ ಎದುರು 1-0. ಪಟ್ಟಿಯಲ್ಲಿ ಮೊದಲು ನಿಂತ ತಂಡವೇ ಐಎಸ್‌ಎಲ್ ಕಪ್ಪನ್ನೂ ಎತ್ತಿದ್ದು ಅದೇ ಮೊದಲು.

ಆ ಗೋಲು ಹೇಗೆ ಬಂತು ಗೊತ್ತಾ? 117ನೇ ನಿಮಿಷ. ಕಾರ್ನರ್. ರಾಹುಲ್ ಭೆಕೆ ಹೆಡರ್.

ಈಗ ಒಂದು ವರ್ಷ ಹಿಂದಕ್ಕೆ ಹೋಗಿ. 2018ರ ಮಾರ್ಚ್, ಐಎಸ್‌ಎಲ್‌ನಲ್ಲಿ ನಮ್ಮ ಮೊದಲ ಸೀಸನ್, ಮನೆಯಂಗಳದಲ್ಲೇ ಫೈನಲ್. ಚೆನ್ನೈಯಿನ್ ವಿರುದ್ಧ 9ನೇ ನಿಮಿಷಕ್ಕೇ ನಮ್ಮ ಸುನಿಲ್ ಛೆಟ್ರಿ ಗೋಲು. ಆಮೇಲೆ ಮೈಲ್ಸನ್ ಆಲ್ವೆಸ್ ಎಂಬ ಬ್ರೆಜಿಲ್ ಡಿಫೆಂಡರ್ ಕಾರ್ನರ್‌ಗಳಲ್ಲಿ ಮುಂದೆ ಬಂದು ಎರಡು ಹೆಡರ್ ಹೊಡೆದ. 2-3 ಸೋಲು. ನಮ್ಮ ಮನೆಯವರು ಅವತ್ತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್‌ಗೆ ಓಡಿಬರುವವನು ಯಾರು, ಪೋಸ್ಟ್ ಕಾಯುವವನು ಯಾರು ಅಂತ ಶಾಲೆಯ ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ನಿನ್ನ ಬಾರ್ಸಿಲೋನಾ ಕೋಚ್ ಇದನ್ನು ಹೇಳಿಕೊಟ್ಟಿಲ್ವಾ?" ನನಗೆ ಸಿಟ್ಟು ಬಂತು. ಆದರೆ ಮಾತಿನಲ್ಲಿ ಹುರುಳಿತ್ತು. ಕ್ವಾದ್ರಾತ್ ಅದನ್ನೇ ತಿದ್ದಿದರು ಅಂತ ನನ್ನ ಲೆಕ್ಕ. ಚೆಂಡು ನಿಂತ ಜಾಗದಿಂದ ಶುರುವಾಗುವ ಆಟಕ್ಕೆ, ಅಂದರೆ ಕಾರ್ನರ್, ಫ್ರೀಕಿಕ್, ಉದ್ದ ಥ್ರೋಗಳಿಗೆ, ಅವರ ತಂಡ ಬಹಳ ತಲೆ ಕೆಡಿಸಿಕೊಳ್ಳುತ್ತಿತ್ತು. ನೋಡಲು ಚೆಂದ ಇರಲಿಲ್ಲ ಅಂತ ಗೊಣಗಿದವರೂ ಇದ್ದರು. ನನಗೆ ಕಪ್ ಚೆಂದ ಕಂಡಿತು.

ಇಷ್ಟು ಚೆನ್ನಾಗಿ ಹೋಗುತ್ತಿದ್ದದ್ದು 2021ರ ಜನವರಿಯಲ್ಲಿ ತಪ್ಪಿತು. ಕೊರೊನಾ ಕಾಲ. ಪಂದ್ಯಗಳೆಲ್ಲ ಗೋವಾದಲ್ಲಿ, ಖಾಲಿ ಮೈದಾನದಲ್ಲಿ. ಸಾಲಾಗಿ ಕೆಲವು ಸೋಲು. ಕ್ವಾದ್ರಾತ್ ಅವರನ್ನು ಕಳಿಸಿಬಿಟ್ಟರು. ಕಪ್ ತಂದುಕೊಟ್ಟು ಎರಡು ವರ್ಷವೂ ಆಗಿರಲಿಲ್ಲ. ಮನೆ ಬಿಟ್ಟು ತಿಂಗಳುಗಟ್ಟಲೆ ಹೋಟೆಲ್‌ನಲ್ಲಿ ಕೂಡಿಹಾಕಿದ ತಂಡ ಮುಗ್ಗರಿಸಿದರೆ ಅದು ಕೋಚ್ ಒಬ್ಬರದೇ ತಪ್ಪಾ? ನಾನಾಗಿದ್ದರೆ ಆ ಸೀಸನ್ ಮುಗಿಯುವವರೆಗಾದರೂ ಕಾಯುತ್ತಿದ್ದೆ. ಕಳಿಸಿದ್ದರಿಂದ ಸಿಕ್ಕಿದ್ದೂ ಏನಿಲ್ಲ. ಆ ಸಲ ತಂಡ 7ನೇ ಸ್ಥಾನಕ್ಕೆ ಇಳಿಯಿತು. ಮುಂದಿನ ಸೀಸನ್‌ಗೆ ಜರ್ಮನಿಯ ಮಾರ್ಕೊ ಪೆಜ್ಜಯೊಲಿ ಬಂದರು, 6ನೇ ಸ್ಥಾನ, ಹೋದರು. ರೋಷನ್ ಸಿಂಗ್‌ನಂಥ ಹುಡುಗರು ಆಗ ಮೇಲೆ ಬಂದರು ಅನ್ನುವುದೊಂದೇ ಲಾಭ.

ಆಮೇಲೆ 2022ರಲ್ಲಿ ಸೈಮನ್ ಗ್ರೇಸನ್. ಮತ್ತೆ ಇಂಗ್ಲೆಂಡ್. ಬಂದ ಕೂಡಲೇ ಡ್ಯುರಾಂಡ್ ಕಪ್ ಗೆದ್ದರು. ಆದರೆ ಲೀಗ್ ಶುರುವಾದ ಮೇಲೆ ಸೋಲಿನ ಮೇಲೆ ಸೋಲು. ಡಿಸೆಂಬರ್‌ನಲ್ಲಿ ರೈಟರ್ ನನ್ನ ಮುಖ ನೋಡಿ ನಗುವುದನ್ನೇ ಬಿಟ್ಟಿದ್ದರು, ಪಾಪ ಅನಿಸಿರಬೇಕು. ಆಗ ಕ್ಲಬ್ ಗ್ರೇಸನ್ ಅವರನ್ನು ಕಳಿಸಲಿಲ್ಲ. ಎರಡು ವರ್ಷದ ಹಿಂದೆ ಇಲ್ಲದ ತಾಳ್ಮೆ ಈ ಸಲ ಎಲ್ಲಿಂದ ಬಂತೋ! ಬಂದದ್ದು ಒಳ್ಳೆಯದೇ ಆಯಿತು. ಲೀಗ್‌ನ ಕೊನೆಯ 8 ಪಂದ್ಯಗಳನ್ನೂ ಸಾಲಾಗಿ ಗೆದ್ದರು. 4ನೇ ಸ್ಥಾನದೊಂದಿಗೆ ಪ್ಲೇಆಫ್, ಅಂದರೆ ಲೀಗ್ ಮುಗಿದ ಮೇಲೆ ಮೇಲಿನ ತಂಡಗಳು ಕಪ್‌ಗಾಗಿ ಆಡುವ ಸುತ್ತು.

ಆ ಓಟದಲ್ಲಿ ಗ್ರೇಸನ್ ಮಾಡಿದ ಒಂದು ಕೆಲಸ ನನ್ನ ಪ್ರಕಾರ ಈ ಕ್ಲಬ್‌ನ ಯಾವ ಕೋಚ್ ಮಾಡಿದ್ದಕ್ಕಿಂತಲೂ ಗಟ್ಟಿ ಎದೆಯದ್ದು. ಛೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿದರು. ದೇಶದ ನಾಯಕ, ಕ್ಲಬ್‌ನ ಮುಖ, ಜೆರ್ಸಿ ಮಾರಾಟ ಆಗುವುದೇ ಆ ಹೆಸರಿನಿಂದ. ಅಂಥವರನ್ನು ಕೂರಿಸಿ, ಶಿವಶಕ್ತಿ ನಾರಾಯಣನ್ ಎಂಬ ಓಡುಕಾಲಿನ ಹುಡುಗನನ್ನು ರಾಯ್ ಕೃಷ್ಣ ಜೊತೆ ಮುಂದೆ ಬಿಟ್ಟರು. ಹಿಂದೆ ಮೂವರು ಡಿಫೆಂಡರ್. ಎದುರಾಳಿಗಳು ಓಡಿ ಓಡಿ ಸುಸ್ತಾದ ಮೇಲೆ ಛೆಟ್ರಿ ಇಳಿಯುವುದು. ನನ್ನ ಮಗ ಫೋನ್ ಮಾಡಿ, "ಅಮ್ಮ, ಇವನಿಗೆ ತಲೆ ಕೆಟ್ಟಿದೆಯಾ?" ಅಂದ. ಕೆಟ್ಟಿರಲಿಲ್ಲ.

2023ರ ಮಾರ್ಚ್ 3 ಅಂತೂ ಕೊಡಗಿನ ಈ ಭಾಗದಲ್ಲಿ ಯಾರೂ ಮರೆಯುವುದಿಲ್ಲ. ಪ್ಲೇಆಫ್‌ನಲ್ಲಿ ಎದುರಿಗೆ ಬ್ಲಾಸ್ಟರ್ಸ್. ನಿಗದಿತ ಸಮಯದಲ್ಲಿ ಗೋಲಿಲ್ಲ. ಬದಲಿಯಾಗಿ ಇಳಿದಿದ್ದ ಛೆಟ್ರಿ 96ನೇ ನಿಮಿಷದಲ್ಲಿ, ಬ್ಲಾಸ್ಟರ್ಸ್ ಆಟಗಾರರು ಗೋಡೆಯ ಹಾಗೆ ಅಡ್ಡ ನಿಲ್ಲುವ ಮೊದಲೇ, ಫ್ರೀಕಿಕ್ಕನ್ನು ಗೋಲಿಗೆ ತೂರಿಬಿಟ್ಟರು. ರೆಫರಿ ಗೋಲು ಅಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೋವಿಚ್ ತಂಡವನ್ನೇ ಕರೆದುಕೊಂಡು ಮೈದಾನದಿಂದ ಹೊರನಡೆದರು. ಆಮೇಲೆ ಅವರಿಗೆ 10 ಪಂದ್ಯ ನಿಷೇಧ, ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ. ನಮ್ಮ ಹಾಲ್‌ನಿಂದ ರೈಟರ್ ಕೂಡ ಅದೇ ಹೊತ್ತಿಗೆ ಎದ್ದು ಹೋದರು. ನಾಲ್ಕು ದಿನ ಕೆಲಸದ ವಿಷಯ ಬಿಟ್ಟು ಬೇರೆ ಮಾತಿಲ್ಲ. "ಅಕ್ಕ, ಅದು ಗೋಲಲ್ಲ" ಅಂತ ಇವತ್ತಿಗೂ ಹೇಳುತ್ತಾರೆ. ನಾನು, "ರೈಟ್ರೇ, ನಿಮ್ಮ ಕಪ್ ಎಲ್ಲಿ?" ಅಂತ ಕೇಳುತ್ತೇನೆ. ಮೂರು ಫೈನಲ್ ಆಡಿ ಒಂದೂ ಗೆಲ್ಲದವರು ಅವರು. ಈ ಪ್ರಶ್ನೆ ಸ್ವಲ್ಪ ಕ್ರೂರ, ಗೊತ್ತು.

ಆ ಸಲದ ಫೈನಲ್‌ನಲ್ಲಿ ಶಿವಶಕ್ತಿ ಆಟ ಶುರುವಾದ ಕೆಲವೇ ನಿಮಿಷಕ್ಕೆ ಗಾಯಗೊಂಡು ಹೊರಬಂದ. ಕೊನೆಗೆ ಇಳಿಸಲು ಇಟ್ಟುಕೊಂಡಿದ್ದ ಛೆಟ್ರಿಯನ್ನು ಶುರುವಿನಲ್ಲೇ ಇಳಿಸಬೇಕಾಯಿತು. ಯೋಜನೆ ಅಲ್ಲಿಗೇ ಮುಗಿಯಿತು. ಮೋಹನ್ ಬಗಾನ್ ಜೊತೆ 2-2, ಪೆನಾಲ್ಟಿಯಲ್ಲಿ ಸೋಲು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಂಬೈ ಕೈಯಲ್ಲಿ ಮನೆಯಲ್ಲೇ 0-4 ಹೊಡೆಸಿಕೊಂಡ ಮೇಲೆ ಗ್ರೇಸನ್‌ಗೂ ಬೀಳ್ಕೊಡುಗೆ.

ಆಗ ಬಂದವರು ಜೆರಾರ್ಡ್ ಜರಗೋಜಾ. ಹೆಸರು ಕೇಳಿ ಬಹಳ ಜನ ಯಾರಪ್ಪ ಇವರು ಅಂದರು. ಕಪ್ ಗೆದ್ದ 2018-19ರಲ್ಲಿ ಕ್ವಾದ್ರಾತ್ ಅವರ ಸಹಾಯಕರಾಗಿ ಇದೇ ಕ್ಲಬ್‌ನಲ್ಲಿ ಇದ್ದವರು. ಅಂದರೆ ಸುತ್ತಿ ಬಳಸಿ ಕ್ಲಬ್ ತನ್ನ ಹಳೆಯ ದಾರಿಗೇ ಬಂತು. ರೋಕಾ, ಅವರ ಸಹಾಯಕ ಕ್ವಾದ್ರಾತ್, ಅವರ ಸಹಾಯಕ ಜರಗೋಜಾ. ನನಗೆ ಇದೇ ಈ ಕ್ಲಬ್‌ನ ಕೋಚ್ ಆಯ್ಕೆಯಲ್ಲಿ ಕಾಣುವ ಅಸಲಿ ಸಾಲು. ಈ ಸಾಲು ಹಿಡಿದಾಗಲೆಲ್ಲ ತಂಡ ಫೈನಲ್ ಕಂಡಿದೆ. ಗ್ರೇಸನ್ ಒಬ್ಬರು ಹೊರಗಿನಿಂದ ಬಂದೂ ಫೈನಲ್ ಮುಟ್ಟಿಸಿದರು ನಿಜ. ಆದರೆ ಅವರ ಮರುವರ್ಷ ಏನಾಯಿತು ಅಂತ ನೋಡಿದಿರಲ್ಲ.

ಜರಗೋಜಾ ಅವರದೂ ಶುರುವಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆ ಸೀಸನ್ 12 ತಂಡಗಳಲ್ಲಿ 10ನೇ ಸ್ಥಾನ. ಕ್ಲಬ್‌ನ ಅತ್ಯಂತ ಕೆಟ್ಟ ವರ್ಷ. ಆದರೆ ಮುಂದಿನ 2024-25ರಲ್ಲಿ 38 ಅಂಕ, 3ನೇ ಸ್ಥಾನ. ಮೊದಲ ಪಂದ್ಯದಲ್ಲೇ ಬೆಂಗಳೂರಿನದೇ ಹುಡುಗ, 19 ವರ್ಷದ ವಿನೀತ್ ವೆಂಕಟೇಶ್‌ನನ್ನು ಈಸ್ಟ್ ಬೆಂಗಾಲ್ ಎದುರು ಇಳಿಸಿದರು. ಅವನದೇ ಗೋಲು, 1-0. ಕಂಠೀರವದಲ್ಲಿ ಅವತ್ತು ಅವನ ಹೆಸರು ಕೂಗಿದ್ದು ಇಲ್ಲಿಯ ಟಿವಿಯಲ್ಲೂ ಕೇಳುತ್ತಿತ್ತು. ನಮ್ಮ ಕಡೆಯ ಒಬ್ಬ ಹುಡುಗ ಆಡಿದರೆ ಎಷ್ಟು ಖುಷಿ ಅಂತ ಈ ಕ್ಲಬ್ ಇನ್ನೂ ಪೂರ್ತಿ ಅರ್ಥ ಮಾಡಿಕೊಂಡಿಲ್ಲ.

ಡಿಸೆಂಬರ್ 7ಕ್ಕೆ ಬ್ಲಾಸ್ಟರ್ಸ್ ಬೆಂಗಳೂರಿಗೆ ಬಂದರು. ಮಗ ಟಿಕೆಟ್ ತೆಗೆದಿದ್ದ, ಹೋಗಲಾಗಲಿಲ್ಲ. ಅರೇಬಿಕಾ ಕೊಯ್ಲು, ಕಣದಲ್ಲಿ ಕಾಫಿ, ಮೋಡ ಬೇರೆ. 2-0 ಇದ್ದದ್ದು 2-2 ಆಯಿತು. ರೈಟರ್ ಕುರ್ಚಿಯಿಂದ ಎದ್ದು ನಿಂತರು. ಆಮೇಲೆ ಛೆಟ್ರಿ ಇನ್ನೆರಡು ಹೊಡೆದು ಹ್ಯಾಟ್ರಿಕ್ ಮುಗಿಸಿದರು. 4-2. ವಯಸ್ಸು 40. ಮನೆಯವರು ಕೂಡ ಚಪ್ಪಾಳೆ ತಟ್ಟಿದರು, ಹಾಕಿ ಅಲ್ಲದ ಆಟಕ್ಕೆ ಅವರು ತಟ್ಟುವುದು ಅಪರೂಪ.

ಆ ಸೀಸನ್‌ನಲ್ಲಿ ಛೆಟ್ರಿ ಒಟ್ಟು 14 ಗೋಲು ಹೊಡೆದರು. ಎಲ್ಲರೂ ಹೊಗಳಿದರು. ನನಗೆ ಅಲ್ಲೇ ಹೆದರಿಕೆ. ಒಂದೇ ಸಿಲ್ವರ್ ಮರಕ್ಕೆ ತೋಟದ ಮೆಣಸಿನ ಬಳ್ಳಿಯನ್ನೆಲ್ಲ ಹಬ್ಬಿಸಿದ ಹಾಗಿದೆ ಇದು. ಗ್ರೇಸನ್ ಶಿವಶಕ್ತಿಯನ್ನು ಮುಂದೆ ತಂದು ಒಂದು ದಾರಿ ತೋರಿಸಿದ್ದರು. ಆ ದಾರಿಯಲ್ಲಿ ಕ್ಲಬ್ ಮುಂದೆ ನಡೆಯಲಿಲ್ಲ. ಜರಗೋಜಾ ಸಂಕಟ ಬಂದಾಗಲೆಲ್ಲ ಛೆಟ್ರಿ ಕಡೆ ತಿರುಗಿದರು. ತಿರುಗಿದ್ದಕ್ಕೆ ಫಲವೂ ಸಿಕ್ಕಿತು. 2025ರ ಸೆಮಿಫೈನಲ್ ನೋಡಿ. ಗೋವಾ ಎದುರು ಮನೆಯಲ್ಲಿ 2-0 ಗೆದ್ದು ಹೋಗಿದ್ದೆವು. ಅಲ್ಲಿ ಅವರು ಎರಡು ಹೊಡೆದು ಸಮ ಮಾಡಿದರು. ಹೆಚ್ಚುವರಿ ಆಟಕ್ಕೆ ಹೋಗುತ್ತದೆ ಅನ್ನುವಾಗ 92ನೇ ನಿಮಿಷದಲ್ಲಿ ಛೆಟ್ರಿ ಹೆಡರ್. ಅವತ್ತು ನನ್ನ ಕೂಗಿಗೆ ಗೆಸ್ಟ್‌ಗಳು ಆನೆ ಬಂತು ಅಂತ ಹೊರಗೆ ಓಡಿ ಬಂದರು. (ಆ ವಾರದ ರಿವ್ಯೂದಲ್ಲಿ ಅದೂ ಬಂತು.)

ಏಪ್ರಿಲ್ 12ರ ಫೈನಲ್ ಕೊಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ. ಮತ್ತೆ ಮೋಹನ್ ಬಗಾನ್. 49ನೇ ನಿಮಿಷದಲ್ಲಿ ಅವರದೇ ಡಿಫೆಂಡರ್ ಕಾಲಿಗೆ ತಾಗಿ ಅವರ ಗೋಲಿಗೇ ಚೆಂಡು ಹೋಯಿತು. ಮುಂದಿದ್ದೆವು. 72ಕ್ಕೆ ಪೆನಾಲ್ಟಿಯಲ್ಲಿ ಕಮಿಂಗ್ಸ್ ಸಮ ಮಾಡಿದ. 96ಕ್ಕೆ ಮೆಕ್ಲಾರೆನ್ ಗೆಲ್ಲಿಸಿದ. 1-2. ಮುಂದಿದ್ದಾಗ ತಂಡ ಹಿಂದೆ ಹಿಂದೆ ಸರಿಯಿತು. ಅಲ್ಲಿ ಬೆಂಚಿನಿಂದ ಒಂದು ಗಟ್ಟಿ ನಿರ್ಧಾರ ಬರಬೇಕಿತ್ತು. ಒಬ್ಬ ಓಟಗಾರನನ್ನು ಮುಂದೆ ಬಿಟ್ಟು ಅವರ ಡಿಫೆಂಡರ್‌ಗಳನ್ನು ಅಲ್ಲೇ ಕಟ್ಟಿಹಾಕಬಹುದಿತ್ತು. ಬರಲಿಲ್ಲ. ಅದೇ ಪ್ಲೇಆಫ್‌ನಲ್ಲಿ ಮುಂಬೈಗೆ 5-0 ಹೊಡೆದ ತಂಡಕ್ಕೆ ಫೈನಲ್‌ನಲ್ಲಿ ಏನಾಗುತ್ತದೋ.

ಒಟ್ಟು ನಾಲ್ಕು ಐಎಸ್‌ಎಲ್ ಫೈನಲ್, ಒಂದು ಗೆಲುವು. ಸೋತ ಮೂರರಲ್ಲೂ ಒಂದಲ್ಲ ಒಂದು ಹೊತ್ತಿನಲ್ಲಿ ನಾವು ಮುಂದಿದ್ದೆವು. ಗೆದ್ದ ಒಂದರಲ್ಲಿ ಕಾರ್ನರ್ ಕೈ ಹಿಡಿಯಿತು.

ಹಾಗಾದರೆ ಮುಂದೆ? ಪ್ಲೇಆಫ್ ಮುಟ್ಟುವುದು ಈ ತಂಡಕ್ಕೆ ಕಷ್ಟ ಅಲ್ಲ, ಅದಕ್ಕೆ ಬೇಕಾದ ಆಟಗಾರರು ಇದ್ದಾರೆ. ಸುರೇಶ್ ವಾಂಗ್ಜಮ್ ನಡುಮೈದಾನದಲ್ಲಿ ಇರುವವರೆಗೆ ಓಡುವವರಿಗೆ ಕೊರತೆ ಇಲ್ಲ. ಆಸ್ಟ್ರೇಲಿಯಾದ ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತದ ಪೌರತ್ವವನ್ನೇ ಪಡೆದರು. ವಿದೇಶಿ ಆಟಗಾರರ ಮಿತಿ ಇರುವ ಲೀಗ್‌ನಲ್ಲಿ ಇದು ಸಣ್ಣ ಲಾಭ ಅಲ್ಲ, ಆ ಜಾಗಕ್ಕೆ ಇನ್ನೊಬ್ಬ ಸ್ಟ್ರೈಕರ್ ತರಬಹುದು. ಕಪ್ ಬೇಕಾದರೆ ಮಾತ್ರ ಕೋಚ್ ಎರಡು ಕೆಲಸ ಮಾಡಲೇಬೇಕು. ಛೆಟ್ರಿ ಆಡುತ್ತಿರುವಾಗಲೇ ಅವರ ಜಾಗಕ್ಕೆ ಒಬ್ಬನನ್ನು ಸಾಲಾಗಿ ಹತ್ತು ಪಂದ್ಯ ಆಡಿಸಬೇಕು, ಗೋಲು ಬರಲಿ ಬಿಡಲಿ. ಮುಂದಿದ್ದಾಗ ಹಿಂದೆ ಸರಿಯುವ ಚಾಳಿ ಬಿಡಿಸಬೇಕು. ಇದು ಅಭ್ಯಾಸದ ಮೈದಾನದಲ್ಲಿ ಆಗುವ ಕೆಲಸ, ದುಡ್ಡು ಕೊಟ್ಟು ಕೊಳ್ಳುವ ಸರಕಲ್ಲ. ಕೋಚ್ ಬದಲಾಯಿಸಲೇಬೇಕು ಅಂದರೆ ರೋಕಾ ಸಾಲಿನವರನ್ನೇ, ಇಲ್ಲ ಈಗಾಗಲೇ ಕ್ಲಬ್‌ನಲ್ಲಿ ಬೆವರು ಹರಿಸಿದವರನ್ನೇ ನೋಡಲಿ. ಮತ್ತೆ ಇಂಗ್ಲೆಂಡ್, ಮತ್ತೆ ಜರ್ಮನಿ ಅಂತ ಸುತ್ತುವುದು ಬೇಡ.

ಸ್ಟಾರ್ ಹಂಚುವ ಹೊತ್ತು. ರೋಕಾ, ಕ್ವಾದ್ರಾತ್ ಇಬ್ಬರನ್ನೂ ಆರಿಸಿದ್ದಕ್ಕೆ ಎರಡು. ವೆಸ್ಟ್‌ವುಡ್ ಹಾಕಿದ ಬುನಾದಿಗೆ ಒಂದು. ಗ್ರೇಸನ್ ತೋರಿಸಿದ ಧೈರ್ಯಕ್ಕೆ ಅರ್ಧ. ಕ್ವಾದ್ರಾತ್ ಅವರನ್ನು ಸೀಸನ್ ನಡುವೆ ಕಳಿಸಿದ್ದಕ್ಕೆ ಒಂದು ಸ್ಟಾರ್ ಹೋಯಿತು. ಉಳಿದ ಅರ್ಧ ಛೆಟ್ರಿಗೆ ಬದಲಿ ಬೆಳೆಸದ್ದಕ್ಕೆ ಹೋಯಿತು.

ಕೊಡಗಿನಿಂದ ಹೋಗಿ ನೋಡಬೇಕು ಅನ್ನುವವರಿಗೆ ಎರಡು ಮಾತು. ಕಂಠೀರವ ಅಥ್ಲೆಟಿಕ್ಸ್ ಮೈದಾನ, ನಡುವೆ ಓಟದ ಟ್ರ್ಯಾಕ್ ಇದೆ, ಆಟ ದೂರ ಕಾಣುತ್ತದೆ. ಕೋಚ್ ಏನು ಮಾಡುತ್ತಿದ್ದಾರೆ ಅಂತ ಅರ್ಥ ಆಗಬೇಕಾದರೆ ಮೇಲಿನ ಸಾಲಿನಲ್ಲಿ ಕೂರಿ. ಹಾಡು, ಕೂಗು, ಗದ್ದಲ ಬೇಕಾದರೆ ವೆಸ್ಟ್ ಬ್ಲಾಕ್‌ಗೆ ಹೋಗಿ, ಅಲ್ಲಿ ಕೂರುವ ಪ್ರಶ್ನೆಯೇ ಇಲ್ಲ. ಏಳೂವರೆಯ ಪಂದ್ಯ ಮುಗಿಯುವಾಗ ಒಂಬತ್ತೂವರೆ ಆಗುತ್ತದೆ. ಕಬ್ಬನ್ ಪಾರ್ಕ್‌ನಲ್ಲಿ ಮೆಟ್ರೊ ಹತ್ತಿ ದೀಪಾಂಜಲಿ ನಗರದಲ್ಲಿ ಇಳಿದರೆ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರ, ಮಡಿಕೇರಿಯ ರಾತ್ರಿ ಬಸ್ ಸಿಗುತ್ತದೆ. ಸೀಟು ಮೊದಲೇ ಕಾಯ್ದಿರಿಸಿ. ಬ್ಲಾಸ್ಟರ್ಸ್ ಪಂದ್ಯದ ದಿನ ಆ ಬಸ್ಸಿನಲ್ಲಿ ಅರ್ಧ ಜನ ಹಳದಿ ಜೆರ್ಸಿಯವರೇ ಇರುತ್ತಾರೆ. ನಾವು ಗೆದ್ದಿದ್ದರೆ ಕುಶಾಲನಗರದವರೆಗೂ ಮಲಗಿದ ಹಾಗೆ ನಟಿಸುವುದು ಒಳ್ಳೆಯದು.